ತಂಬೂರಿಯ ಅಂಚು

ಕಂಠದಿಂದ ಸಂಪಾದಿಸಲಾಗದ ಕೀರ್ತಿಯನ್ನು ವಾದ್ಯದಿಂದಲಾದರೂ ಸಂಪಾದಿಸಬಹುದೆಂಬುದಕ್ಕೆ ದರೋಜಿಯ ನಮ್ಮ ನಡುಮನೆಯ ಮೂಲೆಯಲ್ಲಿ ನಿಂತಿರುವ ಮಿರಜಿನ ತಂಬೂರಿಯೇ ಸಾಕ್ಷಿ. ಅಕ್ಷರದ ಗೊಡವೆಯಿಲ್ಲದೆ ಮಹಾಕಾವ್ಯಗಳನ್ನೇ ಕಂಠಸ್ಥವಾಗಿಸಿಕೊಂಡು ಬುರ್ರಕಥೆ ಹಾಡಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ನಾಡೋಜ ಗೌರವವನ್ನು ಪಡೆದ ಈರಮ್ಮನವರ ಊರಿನಲ್ಲಿ ನನ್ನಂಥವನು ಬಾಯಿ ತೆರೆಯುವುದೇ ಸಾಹಸ. ಆದರೆ ಮನೆಗೆ ಬಂದವರೆಲ್ಲ ತಂಬೂರಿಯ ಅಂಚಿನ ಬಿಳಿಯ ಪಟ್ಟಿಯನ್ನೂ, ಅದರಲ್ಲಿ ಕೊರೆದು ಕಪ್ಪು ತುಂಬಿದ ಎಲೆಬಳ್ಳಿಯನ್ನೂ ಕಂಡು ತಲೆದೂಗುತ್ತಿದ್ದುದರಿಂದ, ಆ ತಲೆದೂಗಿನಲ್ಲಿ ಒಂದಂಶವನ್ನು ನಾನು ನಿಸ್ಸಂಕೋಚವಾಗಿ ನನ್ನ ಗಾಯನದ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದೆ.

ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು 19ನೆಯ ಶತಮಾನದಲ್ಲಿ ತಂತಿವಾದ್ಯಗಳತ್ತ ಕೈ ತಿರುಗಿಸಿದ್ದರಿಂದ ಮಿರಜಿಗೆ ತಂಬೂರಿ ಮಾಡುವ ವಿದ್ಯೆ ಒದಗಿತು. ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರು ನೆಲಸಿದ ಊರೂ ಅದೇ. 2024ರಲ್ಲಿ ಅಲ್ಲಿಯ ತಂಬೂರಿಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ದೊರೆಯಿತು. ಇಷ್ಟೆಲ್ಲ ಕುಲಗೌರವವುಳ್ಳ ವಾದ್ಯವೂ ನಮ್ಮ ಬಳ್ಳಾರಿ ಸೀಮೆಯ ಬೇಸಿಗೆಯ ಮುಂದೆ ತಲೆಬಾಗಲೇಬೇಕಾಯಿತು. ದಂಡಿಯು ಬುರುಡೆಯನ್ನು ಕೂಡುವ ತಿರುವಿನಲ್ಲಿ ಪಟ್ಟಿ ಮೇಲೆದ್ದು, ಒಂದು ತುಂಡು ಮುರಿದು, ಎಲೆಬಳ್ಳಿ ಅರ್ಧದಲ್ಲಿಯೇ ನಿಂತುಹೋಯಿತು.

ಆ ಪಟ್ಟಿ ದಂತವಲ್ಲ, ಸೆಲ್ಯುಲಾಯ್ಡ್. ಹತ್ತಿಯ ನಾರನ್ನು ಆಮ್ಲದಲ್ಲಿ ಪಳಗಿಸಿ ಕರ್ಪೂರವನ್ನು ಬೆರೆಸಿದರೆ ಹುಟ್ಟುವ ಈ ಪದಾರ್ಥದಿಂದ ಕಾಲಕ್ರಮದಲ್ಲಿ ಕರ್ಪೂರವು ಆವಿಯಾಗಿ ಹೋಗುವುದರಿಂದ, ಪಟ್ಟಿ ಹಳದಿಗಟ್ಟಿ, ಕುಗ್ಗಿ, ನೆಟ್ಟಗಾಗಲೆಳಸಿ ಒಳಬಾಗಿದ ಕಡೆಯಲ್ಲೆಲ್ಲ ಅಂಟು ಬಿಡುತ್ತದೆ. ಪಾಶ್ಚಾತ್ಯರ ಹಳೆಯ ಗಿಟಾರುಗಳಿಗೂ ಸೊಂಟದಲ್ಲಿಯೇ ಈ ವ್ಯಾಧಿ. ಎದ್ದ ಪಟ್ಟಿ ತಂತಿ ಮಿಡಿದಾಗಲೆಲ್ಲ ಝೇಂಕರಿಸುತ್ತಿತ್ತು. ತಂಬೂರಿಯಾದರೋ ಕುದುರೆಯ ಮೇಲಿನ ಜೀವಾಳದ ನೂಲಿನಿಂದ ಝೇಂಕರಿಸಲೆಂದೇ ಹುಟ್ಟಿದ ವಾದ್ಯ. ಸಂಗೀತವನ್ನು ಬಲ್ಲೆನೆಂದು ಹೇಳಿಕೊಳ್ಳುವ ಮಿತ್ರರೊಬ್ಬರು ಕಣ್ಮುಚ್ಚಿ ಕೇಳಿ, ಇಂಥ ಜೀವಾಳ ಈಚೆಗೆ ಅಪೂರ್ವವೆಂದು ಮುರುಕಿಗೇ ಪ್ರಶಸ್ತಿಯನ್ನಿತ್ತರು.

ನಮ್ಮೂರ ಬಡಗಿಗೆ ತೋರಿಸಿದೆ. "ಇದು ಬರೇ ಸಿಂಗಾರ ಮೇಷ್ಟ್ರೇ, ಕಿತ್ತು ಒಗೀರಿ, ಹಾಡಾಕ ಏನಡ್ಡಿ?" ಎಂದ. ಅಂಚಿನ ಪಟ್ಟಿಯು ಮರದ ಕೂಡಣೆಯನ್ನು ತೇವದಿಂದಲೂ ಪೆಟ್ಟಿನಿಂದಲೂ ಕಾಯುತ್ತದೆಂದು ನಾನು ವಾದಿಸಿದ್ದೇನೋ ನಿಜವೇ; ಆದರೆ ಅದು ಕಾಯುತ್ತಿದ್ದ ಇನ್ನೊಂದು ವಸ್ತುವಾದ ನನ್ನ ಪ್ರತಿಷ್ಠೆಯನ್ನು ವಾದದಲ್ಲಿ ತರಲಿಲ್ಲ.

ತೊಡಕಾದುದು ಬಣ್ಣ. ಹೊಸ ಪಟ್ಟಿಯ ಬಿಳುಪು ಹಳೆಯದರ ಪಕ್ಕದಲ್ಲಿ ಕಟ್ಟಿಸಿದ ಹಲ್ಲಿನಂತೆ ಎದ್ದು ಕಾಣುತ್ತಿತ್ತು. ಕಡೆಗೆ ಮುಚ್ಚಿಹೋದ ನಾಟಕ ಮಂಡಳಿಯೊಂದರ ಹಾರ್ಮೋನಿಯಂ ದೊರೆಯಿತು. ಅದರ ಮನೆಗಳ ಮೇಲಣ ಸೆಲ್ಯುಲಾಯ್ಡ್ ಹೊದಿಕೆ, ಎಷ್ಟು ರಾಜರ ವನವಾಸಕ್ಕೆ ಶ್ರುತಿಯಾಗಿತ್ತೋ ಏನೋ, ನನ್ನ ತಂಬೂರಿಯಷ್ಟೇ ಹಳದಿಯಾಗಿತ್ತು. ಅದರಿಂದ ಸಪೂರ ಪಟ್ಟಿಯನ್ನು ಕತ್ತರಿಸಿ, ಬಿಸಿನೀರಿನಲ್ಲಿ ಮೆದುಗೊಳಿಸಿ ಬಾಗಿಸಿ, ಹಳೆಯ ಸರೇಸನ್ನು ಕೆರೆದು ತೆಗೆದ ಜಾಗದಲ್ಲಿ ಅಂಟಿಸಿ, ಬುರುಡೆಯ ಸುತ್ತ ಲಾಡಿಯನ್ನು ಬಿಗಿದು ಇಟ್ಟೆ. ಉಳಿದ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿದಾಗ ಆದ ಸರಿಯಂಥ ದ್ರವವನ್ನು ಸಂದಿನಲ್ಲಿ ತುಂಬಿ, ಒಣಗಿದ ಮೇಲೆ ಗಾಜಿನ ಚೂರಿನಿಂದ ಹೆರೆದೆ. ಸೆಲ್ಯುಲಾಯ್ಡ್ ಸಿಡಿಹತ್ತಿಯ ಸೋದರಸಂಬಂಧಿಯಾದುದರಿಂದ ಆ ಹೊತ್ತು ದೇವರ ದೀಪವನ್ನೂ ಹಚ್ಚಗೊಡಲಿಲ್ಲ. ಹೆರೆದಂತೆಲ್ಲ ಕರ್ಪೂರದ ವಾಸನೆ ಹರಡಿ, ದೀಪವಿಲ್ಲದೆಯೇ ಮಂಗಳಾರತಿಯಾಯಿತೆಂದು ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ಬಂದು ಕೈಮುಗಿದಳು.

ಲಾಡಿಯನ್ನು ಬಿಚ್ಚಿದಾಗ ಬೆಸುಗೆ ಕಣ್ಣಿಗೆ ಕಾಣದಂತಿತ್ತು. ತಂಬೂರಿಯು ಕಟ್ಟಿನಲ್ಲಿದ್ದ ಕಾಲವನ್ನೆಲ್ಲ ಪರಮ ಶಾಂತಿಯಿಂದ ಕಳೆದಿದ್ದ ನನ್ನ ಹೆಂಡತಿ, ನಾನು ಶ್ರುತಿ ಕೂಡಿಸಲು ಕುಳಿತೊಡನೆ ಕನ್ನಡಕವನ್ನು ಹಾಕಿಕೊಂಡು ಬಂದು, ಬುರುಡೆಯ ಇನ್ನೊಂದು ಮಗ್ಗುಲನ್ನು ಬೆರಳಿನಿಂದ ಸವರಿ ನೋಡಿ, "ಈ ಕಡೀದೂ ಎದ್ದಂಗ ಐತಲ್ರೀ, ಇದನ್ನೂ ಈಗಲೇ ಕಟ್ಟಿ ಇಟ್ಟುಬಿಡ್ರಿ" ಎಂದಳು.