ಪಕ್ಷಿಪ್ರಮಾಣ ಮೀಮಾಂಸೆ

ಪಕ್ಷವುಳ್ಳದ್ದು ಪಕ್ಷಿ. ಪಕ್ಷವೆಂದರೆ ರೆಕ್ಕೆಯೂ ಹೌದು, ತಿಂಗಳ ಅರ್ಧವೂ ಹೌದು, ತರ್ಕದಲ್ಲಿ ಸಾಧ್ಯವು ನೆಲೆಸಿರುವ ಠಾವೂ ಹೌದು, ಚುನಾವಣೆಗೆ ನಿಲ್ಲುವವರ ಕೂಟವೂ ಹೌದು. ಇಷ್ಟೊಂದು ಅರ್ಥಗಳ ಭಾರವನ್ನು ಹೊತ್ತ ಜೀವಿಯೊಂದು ಹಾರಬಲ್ಲುದೆಂಬುದೇ ಅಚ್ಚರಿಯಾಗಿರಲು, ಅದನ್ನು ನೋಡಲೆಂದು ಚಳಿಗಾಲದ ನಸುಕಿನಲ್ಲಿ ಹಾಸಿಗೆ ಬಿಟ್ಟೇಳುವ ಮನುಷ್ಯನ ವಿಷಯದಲ್ಲಿ ಶಾಸ್ತ್ರಕಾರರು ಮೌನವಾಗಿರುವುದು ಸಣ್ಣ ಲೋಪವಲ್ಲ. ಆ ಲೋಪವನ್ನು ತುಂಬುವ ಉದ್ದೇಶದಿಂದ, ಹನ್ನೊಂದು ಮಂದಿಯ ನಮ್ಮ ಪಕ್ಷಿವೀಕ್ಷಕ ಮಂಡಲಿಯು ಎಳ್ಳಮಾವಾಸ್ಯೆಯ ದಿನ ನಿಪ್ಪಾಣಿಯಿಂದ ಹೊರಟು, ಚಿಕ್ಕೋಡಿ, ರಾಯಬಾಗ, ಕಾಗವಾಡಗಳನ್ನು ಹಾದು ಅಥಣಿಯ ಸೀಮೆಯವರೆಗೆ ಕೈಕೊಂಡ ಜ್ಞಾನಯಾತ್ರೆಯನ್ನು ಆಧಾರವಾಗಿ ಹಿಡಿದು ಈ ಗ್ರಂಥವು ರಚಿತವಾಗಿದೆ. ಸಾಧಿಸಬೇಕಾಗಿದ್ದುದು ಒಂದು ಜೊತೆ ಚಕ್ರವಾಕ.

ಮೊದಲು ಪೂರ್ವಾಚಾರ್ಯರ ಸ್ಮರಣೆ. ಬೆಳಗಾವಿಯ ದಂಡಿನಲ್ಲಿದ್ದ ಇ. ಎ. ಬಟ್ಲರನು ದಖ್ಖನ್ ಹಾಗೂ ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯೊಂದನ್ನು 1881ರಲ್ಲಿ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಆ ಪತ್ರಿಕೆಯ ಸಂಪಾದಕನಾದ ಎ. ಓ. ಹ್ಯೂಮನು, ತಾನು ಬಹುಕಾಲ ಶ್ರಮಿಸಿ ಬರೆದಿಟ್ಟ ಹಸ್ತಪ್ರತಿಗಳು ಸಿಮ್ಲಾದ ಮನೆಯಿಂದ ರದ್ದಿ ಕಾಗದವಾಗಿ ಪೇಟೆಗೆ ಹೋದುವೆಂದು ತಿಳಿದ ಮೇಲೆ ಹಕ್ಕಿಗಳಲ್ಲಿ ವಿರಕ್ತನಾಗಿ, ಸಂಗ್ರಹವನ್ನೆಲ್ಲ ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿ, 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಮುಂದಾದನು. ಪಕ್ಷಿಯನ್ನು ಬಿಟ್ಟವನು ಪಕ್ಷವನ್ನು ಹಿಡಿದನೆಂಬುದು ಚರಿತ್ರೆಗೂ ವ್ಯಾಕರಣಕ್ಕೂ ಸಮ್ಮತ. ಆ ಕಾಲದ ಆಚಾರ್ಯರಿಗೆ ಪ್ರಮಾಣದ ತೊಡಕೇ ಇರಲಿಲ್ಲ. ಕಂಡ ಹಕ್ಕಿಯನ್ನು ಕೋವಿಯಿಂದ ಕೆಡವಿ, ತೊಗಲು ಸುಲಿದು, ಹತ್ತಿ ತುರುಕಿ, ಕಾಲಿಗೆ ಚೀಟಿ ಕಟ್ಟಿದರೆ ಸಿದ್ಧಾಂತವಾಯಿತು. ದುರ್ಬೀನಿನ ಕಾಲದವರಾದ ನಮ್ಮಲ್ಲಿ ಹಕ್ಕಿಯೂ ಬದುಕುತ್ತದೆ, ಸಂಶಯವೂ ಬದುಕುತ್ತದೆ.

ಪ್ರತ್ಯಕ್ಷದ ಮಾತು ಬೇಗ ಮುಗಿಯುವಂಥದು. ಹನ್ನೊಂದು ಮಂದಿಗೆ ನಾಲ್ಕು ದುರ್ಬೀನುಗಳಿದ್ದುದರಿಂದ, ಹಕ್ಕಿ ಕಂಡವನ ಕೈಯಲ್ಲಿ ದುರ್ಬೀನಿರಲಿಲ್ಲ, ದುರ್ಬೀನು ಹಿಡಿದವನಿಗೆ ಹಕ್ಕಿ ಕಾಣಲಿಲ್ಲ. ಸಿಪಿಲೆಯೊಂದು ಮಾತ್ರ ನಮ್ಮ ಗಾಡಿಯ ಗಾಲಿಯ ಬಳಿಯಲ್ಲೇ ಬಾಲ ಕುಣಿಸುತ್ತ ಬಹಳ ಹೊತ್ತು ಓಡಾಡಿತು. ಅದು ಎಲ್ಲರಿಗೂ ಕಾಣುತ್ತಿದ್ದುದರಿಂದ ಯಾರೂ ಅದನ್ನು ನೋಡಲಿಲ್ಲ.

ಅನುಮಾನಕ್ಕೆ ಬರೋಣ. ಬೆಟ್ಟದ ಮೇಲೆ ಹೊಗೆಯಿದೆ, ಆದುದರಿಂದ ಬೆಂಕಿಯಿದೆ ಎಂಬುದು ತಾರ್ಕಿಕರ ಹಳೆಯ ದೃಷ್ಟಾಂತ. ಹೊಗೆಯನ್ನು ಬೆಂಕಿ ತಾಗುವ ಮೊದಲೇ ಚೀಲದಲ್ಲಿ ತುಂಬಿ ತೂಕಕ್ಕೆ ಮಾರುವ ನಿಪ್ಪಾಣಿಯ ತಂಬಾಕು ಪೇಟೆಯನ್ನು ಕಂಡಿದ್ದರೆ ಗೌತಮಮುನಿಯು ಸೂತ್ರವನ್ನು ತಿದ್ದುತ್ತಿದ್ದನೋ ಏನೋ. ನಮ್ಮ ಸಂಕಟವಾದರೋ ಬೇರೆ ಬಗೆಯದು. ಕುಡಚಿಯ ರೈಲು ಸೇತುವೆಯ ಕೆಳಗೆ, ಕೃಷ್ಣೆಯ ಮೈಮೇಲಿನ ಮಂಜಾವುದು, ಬೆಲ್ಲದ ಗಾಣದ ಹೊಗೆಯಾವುದು, 1939ರಲ್ಲಿ ಸ್ಥಾಪಿತವಾದ ಉಗಾರದ ಸಕ್ಕರೆ ಕಾರ್ಖಾನೆಯ ಚಿಮಣಿಯ ಉಸಿರಾವುದು ಎಂಬುದನ್ನು ವಿಂಗಡಿಸಲಾರದೆ ನಿಂತಿರುವಾಗ, ಎದುರಿನ ಜೊಂಡು ಅಲುಗಿತು. ಗಾಳಿಯಿಲ್ಲ; ಆದರೂ ಜೊಂಡು ಅಲುಗಿತು; ಆದುದರಿಂದ ಅಲ್ಲಿ ಹಕ್ಕಿಯಿರಲೇಬೇಕು. ಹೊರಬಂದದ್ದು ಎಮ್ಮೆ. ಅದರ ಬೆನ್ನಮೇಲೆ ಕಾಜಾಣವೊಂದು ಕುಳಿತಿದ್ದುದರಿಂದ ನಮ್ಮ ಅನುಮಾನವು ಸಂಪೂರ್ಣ ದುಷ್ಟವಾಯಿತೆನ್ನಲಾಗದು.

ಇನ್ನು ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತನು ದಪ್ಪನಾಗಿದ್ದರೆ ಇರುಳು ಉಣ್ಣುತ್ತಾನೆಂದು ಕಲ್ಪಿಸುವುದು ಮೀಮಾಂಸಕರ ಪದ್ಧತಿ. ಚಕ್ರವಾಕ ದಂಪತಿಗಳು ಇರುಳೆಲ್ಲ ಅಗಲಿ, ಹೊಳೆಯ ಆಚೆಯೀಚೆ ದಡಗಳಲ್ಲಿ ಒಂದನ್ನೊಂದು ಕರೆದು ಕೊರಗುವುವೆಂದು ಕವಿಗಳು ಸಾವಿರ ವರುಷಗಳಿಂದ ನಮ್ಮನ್ನು ಅಳಿಸುತ್ತ ಬಂದಿದ್ದಾರೆ. ಹಾಗೆ ಕೊರಗುವ ಹಕ್ಕಿಯು ಸೊರಗಬೇಕಷ್ಟೆ? ಕಾವಿ ಬಣ್ಣದ ಈ ಬಾತು ಹೇಮಂತದಲ್ಲಿ ಲಡಾಖ್, ಟಿಬೆಟ್ಟುಗಳ ಎತ್ತರದ ಸರೋವರಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವಷ್ಟು ಗಟ್ಟಿಮುಟ್ಟಾಗಿದೆ. ವಿಷಯವಿಷ್ಟೆ: ಅದು ಹೆಚ್ಚಾಗಿ ಇರುಳಿನಲ್ಲಿ ಮೇಯುವ ಹಕ್ಕಿ, ಕವಿಗಳು ವಿರಹವೆಂದು ಕೇಳಿದ್ದು ಊಟದ ನಡುವಣ ಮಾತುಕತೆಯಿರಬೇಕು. ಕಾವ್ಯಕ್ಕೆ ಇದರಿಂದ ಹಾನಿಯೆಂದು ನಮ್ಮಲ್ಲೊಬ್ಬ ನಿವೃತ್ತ ಕನ್ನಡ ಮಾಸ್ತರರು ಅರ್ಧ ದಾರಿ ಮುನಿಸಿಕೊಂಡಿದ್ದರು.

ಶಬ್ದಪ್ರಮಾಣದಲ್ಲಿ ಮಂಡಲಿಗೆ ಒಂದು ಅಪೂರ್ವ ಲಾಭವಾಯಿತು. ಬೆಳಗಿನಿಂದಲೂ ಎಲ್ಲಿ ಹೋದರೂ ‘ಕರ್‍ರ್, ಕರ್‍ರ್’ ಎಂಬ ಕೂಗೊಂದು ನಮ್ಮ ಸನಿಹದಲ್ಲೇ ಕೇಳಿಬರುತ್ತಿದ್ದು, ನಾವು ನಿಂತರೆ ನಿಲ್ಲುತ್ತ, ನಡೆದರೆ ತೊಡಗುತ್ತ ಇದ್ದಿತು. ಯಾವ ಪುಸ್ತಕದಲ್ಲಿಯೂ ಹೋಲಿಕೆ ದೊರೆಯದ ಕಾರಣ ಅದನ್ನು ‘ಅಜ್ಞಾತ ಪಕ್ಷಿ, ಮನುಷ್ಯಾನುಸಾರಿ’ ಎಂದು ದಫ್ತರಿನಲ್ಲಿ ಬರೆದುಕೊಂಡೆವು. ನಮ್ಮ ಅಧ್ಯಕ್ಷರು ಅಂದು ಹೊಸ ಚಪ್ಪಲಿ ಮೆಟ್ಟಿದ್ದರು. ಹೆಸರು ಕೊಲ್ಹಾಪುರಿ, ಹೊಲಿದದ್ದು ಅಥಣಿಯಲ್ಲಿ. ಹೆಸರಿನ ಊರಿಗೂ ವಸ್ತುವಿನ ಊರಿಗೂ ಸಂಬಂಧವಿರಲೇಬೇಕೆಂಬ ನಿಯಮವಿಲ್ಲವೆಂಬುದನ್ನು ಚಿಕ್ಕೋಡಿ ರೋಡ್ ನಿಲ್ದಾಣದಲ್ಲಿಳಿದು ಚಿಕ್ಕೋಡಿಯನ್ನು ಹುಡುಕಿದವರೆಲ್ಲ ಬಲ್ಲರು.

ಹೀಗೆ ನಡುಹಗಲಾಯಿತು, ಎಡೆಬಿಡದೆ ದೊರೆತ ಪ್ರಮಾಣವೆಂದರೆ ಅನುಪಲಬ್ಧಿಯೊಂದೇ. ಅಥಣಿ ಸೀಮೆಯ ಹೊಳೆದಂಡೆಯಲ್ಲಿ, ಕಬ್ಬಿನ ನಡುವೆ ಹೇಗೋ ಉಳಿದಿದ್ದ ಜೋಳದ ತುಂಡು ಹೊಲವೊಂದರ ಬದುವಿನ ಮೇಲೆ ಸಾಲಾಗಿ ನಿಂತು ಆಕಾಶವನ್ನು ನೋಡುತ್ತಿದ್ದ ನಮ್ಮನ್ನು ಹೊಲದ ಯಜಮಾನನು ಮಾತಾಡಿಸಿದನು.

“ಏನ ಕಳಕೊಂಡೀರ್ರಿ, ಸಾಹೇಬ್ರ?”

“ಏನೂ ಇಲ್ರಿ ಯಜಮಾನ್ರ, ಹಕ್ಕಿ ನೋಡಾಕ ಬಂದೀವಿ.”

“ಯಾಕ, ನಿಮ್ಮೂರಾಗ ಹಕ್ಕಿ ಇಲ್ಲೇನ್ರಿ?”

“ಚಳಿಗಾಲದಾಗ ಇಲ್ಲಿ ಭಾಳ ದೂರದ ಹಕ್ಕಿ ಬರ್ತಾವಂತ.”

“ಬರ್ತಾವ್ರಿ. ಬಂದು ಉಂಡು ಹೋಗ್ತಾವ. ನೀವೂ ಉಂಡು ಹೋಗ್ರಿ.”

ಈತನು ತೆನೆ ಕಟ್ಟಿದಂದಿನಿಂದ ಅಟ್ಟದ ಮೇಲೆ ನಿಂತು, ಮಧ್ಯ ಏಷ್ಯದಿಂದ ಹಿಂಡುಹಿಂಡಾಗಿ ಬಂದೆರಗುವ ಗುಲಾಬಿ ಕಬ್ಬಕ್ಕಿಗಳಿಗೆ ಕವಣೆಯ ಕಲ್ಲಿನಿಂದ ಉತ್ತರ ಕೊಡುತ್ತಿರುವವನು. ಅವು ತಮ್ಮ ತವರಿನಲ್ಲಿ ಮಿಡತೆಗಳನ್ನು ತಿಂದು ಬೆಳೆಯನ್ನು ಕಾಯುವುವೆಂಬ ಪರಪಕ್ಷವನ್ನು ನಾನು ಮಂಡಿಸಲು, “ಅಲ್ಲಿ ಕಾಯ್ತಾವ, ಇಲ್ಲಿ ಪಗಾರ ತಗೋತಾವ” ಎಂದು ಖಂಡಿಸಿದನು. ಅಂಥವನು ಅಂದು ಕವಣೆಯನ್ನು ಗೂಟಕ್ಕೆ ತೂಗುಹಾಕಿ, ಮನೆಮಂದಿಯೊಡನೆ ಹೊಲದ ಸುತ್ತಲೂ ಚರಗ ಚೆಲ್ಲಿ ಬಂದಿದ್ದನು. ಆ ಅನ್ನವನ್ನು ಆರಿಸಲು ಇಳಿದ ಹಕ್ಕಿಗಳನ್ನು ಯಾರೂ ಗದರಿಸಲಿಲ್ಲ. ನಾವು ಸಜ್ಜೆರೊಟ್ಟಿ, ಎಣಗಾಯಿ, ಶೇಂಗಾಹಿಂಡಿ, ಹೋಳಿಗೆಗಳನ್ನು ಪ್ರತ್ಯಕ್ಷಪ್ರಮಾಣದಿಂದಲೇ ಅರಿತೆವು. ದುರ್ಬೀನುಗಳು ಬುಟ್ಟಿಯ ಪಕ್ಕದಲ್ಲಿ ಬಿದ್ದಿದ್ದುವು.

ಎಲೆ ಎತ್ತುವ ಹೊತ್ತಿಗೆ ಯಜಮಾನನ ಮೊಮ್ಮಗಳು ಬಂದು, “ಅಜ್ಜಾ, ಕೆಂಪಾನ ಬಾತು ಎರಡ ಅಲ್ಲೇ ಮಳಲಾಗ ಕುಂತಿದ್ದುವು. ಈ ಕಾಕಾ ಕೈ ತೊಳಿಯಾಕ ಹೊಂಟಾಗ ಚಪ್ಪಲಿ ಕರ್‍ರ್ ಅಂತು, ಹಾರಿ ಹ್ವಾದುವು” ಎಂದಳು.

ಆಪ್ತವಾಕ್ಯವು ಪ್ರಮಾಣವಾದುದರಿಂದ ದಫ್ತರಿನಲ್ಲಿ ‘ಚಕ್ರವಾಕ, 2’ ಎಂದು ಬರೆದು, ಅಜ್ಞಾತ ಪಕ್ಷಿಯ ಸಾಲನ್ನು ಹೊಡೆದುಹಾಕಿದೆವು. ಅಧ್ಯಕ್ಷರು ಅದಕ್ಕೆ ಇನ್ನೂ ಸಹಿ ಹಾಕಿಲ್ಲ.