ಪಾಕೆಟ್ ಸೈಜಿನ ಪೈಲ್ವಾನ

ನಾಯಿ ಪಿಟ್‌ಬುಲ್ಲೇ ಆಗಬೇಕು, ಆದರೆ ಲಿಫ್ಟಿನಲ್ಲಿ ಹಿಡಿಸಬೇಕು. ಕಂಡವರ ಎದೆ ಝಲ್ಲೆನ್ನಬೇಕು, ಹೆಂಡತಿಗೆ ಮಾತ್ರ ಹಾಗಾಗಬಾರದು. ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಯಜಮಾನರ ಬೇಡಿಕೆ ಇಷ್ಟೇ. ಇಂಥವರು ಈಗ ಬೆಂಗಳೂರಿನಲ್ಲಿ ಬಡಾವಣೆಗೊಬ್ಬರು ಸಿಗುತ್ತಾರೆ. ನಾಯಿ ಇನ್ನೂ ಸಿಕ್ಕಿರುವುದಿಲ್ಲ. ಮೊಳೆ ಹೊಡೆದ ಚರ್ಮದ ಕಾಲರ್ ಆಗಲೇ ಬಂದು ಚಪ್ಪಲಿ ಗೂಡಿನ ಮೇಲೆ ನೇತಾಡುತ್ತಿರುತ್ತದೆ. ಅದನ್ನು ಕಂಡು ಕೊರಿಯರ್ ಹುಡುಗ ಎರಡು ಹೆಜ್ಜೆ ಹಿಂದೆ ಸರಿದರೆ ಯಜಮಾನರಿಗೆ ಅರ್ಧ ನಾಯಿ ಸಾಕಿದ ತೃಪ್ತಿ.

ಜ್ಞಾನಕ್ಕೇನೂ ಕೊರತೆಯಿಲ್ಲ. ಅಮೆರಿಕದ ಯುನೈಟೆಡ್ ಕೆನೆಲ್ ಕ್ಲಬ್ 1898ರಲ್ಲೇ ಪಿಟ್‌ಬುಲ್ ಟೆರಿಯರ್‌ಗೆ ಮಾನ್ಯತೆ ಕೊಟ್ಟಿತ್ತು, 1936ರಲ್ಲಿ ಅಮೆರಿಕನ್ ಕೆನೆಲ್ ಕ್ಲಬ್ ಅದೇ ವಂಶವನ್ನು ಸ್ಟಾಫರ್ಡ್‌ಶೈರ್ ಟೆರಿಯರ್ ಎಂಬ ಮರ್ಯಾದಸ್ಥ ಹೆಸರಿನಲ್ಲಿ ಒಳಗೆ ಬಿಟ್ಟುಕೊಂಡಿತು ಎಂಬುದನ್ನೆಲ್ಲ ಸೊಪ್ಪಿನವಳಿಗೂ ಹೇಳಿದ್ದಾರೆ. ಮಗ ಓದುವುದು ಎ ಸೆಕ್ಷನ್ನೋ ಬಿ ಸೆಕ್ಷನ್ನೋ ಎಂದರೆ ತಡವರಿಸುತ್ತಾರೆ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳು, "ಕೇಂದ್ರದವರು 23 ತಳಿ ಬ್ಯಾನ್ ಮಾಡಿದ್ದಾರಂತಲ್ಲ ಸಾರ್" ಎಂದು ಗ್ರೂಪಿನಲ್ಲಿ ಕೇಳಿದ್ದೇ ತಡ, ಆ ಸುತ್ತೋಲೆ ಹೊರಟದ್ದು 2024ರ ಮಾರ್ಚ್ 12ಕ್ಕೆ, ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು ಏಪ್ರಿಲ್ 10ಕ್ಕೆ ಎಂದು ಯಜಮಾನರು ತೀರ್ಪಿನ ಪ್ರತಿಯನ್ನೇ ಹಾಕಿಬಿಟ್ಟರು. ಅದರ ಕೆಳಗೆ ಯಾರೋ ಹೆಬ್ಬೆರಳು ಒತ್ತಿದರು. ಉಳಿದವರು ನೀರಿನ ಟ್ಯಾಂಕರ್ ವಿಷಯಕ್ಕೆ ಮರಳಿದರು.

ಚಿಕ್ಕದು ಬೇಕಾದರೆ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್ ಇದೆಯಲ್ಲ, ಎತ್ತರ 14ರಿಂದ 16 ಅಂಗುಲ, ತೂಕ ಹೆಚ್ಚೆಂದರೆ 17 ಕಿಲೋ, ಅದೂ ಇದೇ ಬಳಗದ್ದೇ ಎಂದು ನಾನೊಮ್ಮೆ ಸೂಚಿಸಿದೆ. ಯಜಮಾನರು ಮುಖ ಸಿಂಡರಿಸಿದರು. "ಅದರ ಹೆಸರಲ್ಲಿ ಪಿಟ್ ಇಲ್ವಲ್ರೀ."

ಹೀಗೆ ಹೊರಟವರು ಮೊದಲು ಹೋಗಿ ಬೀಳುವುದು ಫೋನಿನಲ್ಲಿ ಫೋಟೋ ಕಳಿಸುವ ಮಾರಾಟಗಾರರ ಬುಟ್ಟಿಗೆ. ಇವರ ಭಾಷೆಯೇ ಬೇರೆ. ಮರಿ 'ಡಬಲ್ ಬೋನ್' ಅಂತೆ, 'ಇಂಪೋರ್ಟ್ ಲೈನ್' ಅಂತೆ, 'ಪಾಕೆಟ್' ಅಂತೆ. ಸಿಂಗಲ್ ಬೋನಿನ ನಾಯಿಯನ್ನು ಇವತ್ತಿನವರೆಗೆ ಯಾವ ಪಶುವೈದ್ಯರೂ ಕಂಡಂತಿಲ್ಲ. 'ಪಾಕೆಟ್' ಅನ್ನುವುದು ಅಮೆರಿಕನ್ ಬುಲ್ಲಿ ಎಂಬ ಇನ್ನೊಂದು ತಳಿಯವರ ಲೆಕ್ಕ. ಅಲ್ಲಿ ಗಂಡು 17 ಅಂಗುಲದೊಳಗಿದ್ದರೆ ಪಾಕೆಟ್. ಅದು ಎತ್ತರದ ಲೆಕ್ಕವೇ ಹೊರತು ತೂಕದ್ದಲ್ಲ. ಎತ್ತುವಾಗ ಸೊಂಟಕ್ಕೆ ಗೊತ್ತಾಗುತ್ತದೆ.

ಹೊಸೂರು ರಸ್ತೆಯಾಚೆಯ ಒಂದು ಶೆಡ್ಡಿಗೆ ಯಜಮಾನರು ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಟೊಮೆಟೊ ಕ್ರೇಟಿನೊಳಗೆ ಹಳೇ ಪಂಚೆ ಹಾಸಿ ಮರಿ ಮಲಗಿಸಿದ್ದರು. ಎತ್ತಿ ನಿಲ್ಲಿಸಿದರೆ ಹಿಂಗಾಲು ಒಂದು ಕಡೆ, ಮುಂಗಾಲು ಇನ್ನೊಂದು ಕಡೆ. ನನ್ನ ಕಿರುಬೆರಳು ಸಿಕ್ಕಿದ್ದೇ ಚೀಪತೊಡಗಿತು.

"ಎಷ್ಟು ದಿನದ್ದಪ್ಪ?"

"ಎರಡು ತಿಂಗಳು ತುಂಬಿದೆ ಸಾರ್. ಪಾಕೆಟ್ ಅಲ್ವಾ, ಹಿಂಗೇ ಇರುತ್ತೆ."

"ತಾಯಿ ಎಲ್ಲಿ?"

"ತಾಯಿ ಊರಿಗೆ ಹೋಗಿದೆ ಸಾರ್."

ಬಸ್ಸಿನಲ್ಲೋ ರೈಲಿನಲ್ಲೋ ಎಂದು ಕೇಳುವ ಮನಸ್ಸಾಯಿತು. ಮರಿ ಬೆಳೆದು ಎಷ್ಟಾಗುತ್ತದೆ ಎಂದು ತಿಳಿಯಲು ಇರುವ ನೆಟ್ಟಗಿನ ದಾರಿ ತಾಯಿಯನ್ನೂ ಸಾಧ್ಯವಾದರೆ ತಂದೆಯನ್ನೂ ನೋಡುವುದು. ಅದನ್ನೇ ತೋರಿಸದವನು ಉಳಿದದ್ದನ್ನೆಲ್ಲ ತೋರಿಸಿದ: ಅಪ್ಪನೆಂದು ಹೇಳಿದ ನಾಯಿಯ ವಿಡಿಯೊ, ಕಪ್ಪು ಕನ್ನಡಕ ಹಾಕಿದ ಅದರ ಮಾಲೀಕ, 'ಎಫ್‌ಸಿಐ ಪೇಪರ್'. ಎಫ್‌ಸಿಐ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಪಿಟ್‌ಬುಲ್ ಟೆರಿಯರ್ ಅನ್ನು ತಳಿಯೆಂದೇ ಒಪ್ಪಿಲ್ಲ. ಎಂಟು ವಾರ ತುಂಬದ ಮರಿ ಮಾರಬಾರದು, ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು ಎಂದು 2017ರ ನಿಯಮಗಳೇ ಹೇಳುತ್ತವೆ. ನೋಂದಣಿ ಪತ್ರ ಕೇಳಿದಾಗ ಆತ ಜಿಎಸ್‌ಟಿ ನಂಬರ್ ಕೊಡಲು ಬಂದ. ಯಜಮಾನರು ಮುಂಗಡ ಕೊಡದೆ ಎದ್ದು ಬಂದರು. ಅವರನ್ನು ತಡೆದದ್ದು ನಿಯಮವಲ್ಲ. ಮರಿಯ ಕುತ್ತಿಗೆಗೆ ಕಾಲರ್ ಹಿಡಿದು ನೋಡಿದ್ದರು, ಅದು ಸೊಂಟಕ್ಕೂ ದೊಡ್ಡದಾಗಿತ್ತು.

ಅಲ್ಲಿಂದ ಮುಂದೆ ಅವರು ಒಂದು ನಾಯಿಧಾಮಕ್ಕೆ ಹೋದರು. ಹೆಂಡತಿಯ ಒತ್ತಾಯ. ಅಲ್ಲಿನ ಹೆಂಗಸು ನಾಯಿಯನ್ನು ತೋರಿಸುವ ಬದಲು ಫಾರಂ ಮುಂದಿಟ್ಟರು. ದಿನಕ್ಕೆ ಎಷ್ಟು ಹೊತ್ತು ಮನೆಯಲ್ಲಿರ್ತೀರಿ? ಸ್ವಂತ ಮನೆಯೋ ಬಾಡಿಗೆಯೋ? ಊರು ಬಿಡೋ ಪ್ರಸಂಗ ಬಂದ್ರೆ ನಾಯಿ ಗತಿ ಏನು? ಬೆಳಿಗ್ಗೆ ವಾಕಿಂಗ್ ನೀವು ಮಾಡಿಸ್ತೀರೋ, ಕೆಲಸದವರೋ? ಹೆಣ್ಣು ನೋಡಲು ಹೋದವನನ್ನೇ ಚಾಪೆಯ ಮೇಲೆ ಕೂರಿಸಿ ಹಾಡು ಹೇಳಿಸಿದಂತಾಯಿತು. ಯಜಮಾನರು ಬೆವರಿದರು. 1898 ಅನ್ನುವುದಕ್ಕೆ ಫಾರಂನಲ್ಲಿ ಜಾಗವೇ ಇರಲಿಲ್ಲ.

ನನಗೇನೋ ಆ ಹೆಂಗಸಿನ ಪಟ್ಟು ಹಿಡಿಸಿತು. ದುಡ್ಡು ಎಣಿಸಿಕೊಂಡು ಮರಿ ಕೊಟ್ಟು ಫೋನ್ ನಂಬರ್ ಬದಲಾಯಿಸುವವರಿಗಿಂತ, ಇವರಿಗೆ ಕೊಡಲೋ ಬೇಡವೋ ಎಂದು ಅನುಮಾನಿಸುವವರೇ ಮೇಲು. ಬೆಳೆದ ನಾಯಿಯನ್ನೇ ತಗೊಳ್ಳಿ ಎಂದು ಅವರು ಹೇಳಿದ್ದರಲ್ಲೂ ಅರ್ಥವಿತ್ತು. ಅದರ ಅಳತೆ ಕಣ್ಣಿಗೆ ಕಾಣುತ್ತದೆ, ಸ್ವಭಾವವೂ ಅಷ್ಟಿಷ್ಟು ತಿಳಿದಿರುತ್ತದೆ. 'ಪಾಕೆಟ್' ಎಂದು ತಂದದ್ದು ಗೋಣಿಚೀಲವಾಗುವ ಭಯವಿಲ್ಲ.

ಅವರು ತೋರಿಸಿದ್ದು ಮೂರು ವರ್ಷದ ಹೆಣ್ಣು. ಕಂದು ಮೈ, ಎದೆಯ ಮೇಲೆ ಹಾಲು ಚೆಲ್ಲಿದಂಥ ಬಿಳಿ ಮಚ್ಚೆ, ಅಗಲ ದವಡೆ. ತಕ್ಕಡಿಯ ಮೇಲೆ ನಿಲ್ಲಿಸಿದಾಗ 16 ಕಿಲೋ. ಹಿಂದಿನವರು ಮನೆ ಬದಲಾಯಿಸುವಾಗ ಬಿಟ್ಟುಹೋದದ್ದು. "ಪಕ್ಕಾ ಪಿಟ್‌ಬುಲ್ಲಾ?" ಎಂದು ಯಜಮಾನರು ಕೇಳಿದರು. "ಮುಖ ನೋಡಿ ತಳಿ ಹೇಳೋಕೆ ಡಾಕ್ಟರಿಗೂ ಆಗಲ್ಲ ಸಾರ್. ಪಿಟ್‌ಬುಲ್ ಇರಬಹುದು, ನಮ್ಮ ಬೀದಿಯದ್ದೂ ಸೇರಿರಬಹುದು." ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಬೆಲೆಯ ವಿಷಯದಲ್ಲಿ. ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ ಎಲ್ಲ ಆಗಿದೆ, ಏನೂ ಕೊಡಬೇಕಿಲ್ಲ ಎಂದರು. ಯಜಮಾನರು ಕಂಗಾಲು. ನಾಳೆ ಪಾರ್ಕಿನಲ್ಲಿ ಯಾರಾದರೂ 'ಎಷ್ಟು ಕೊಟ್ರಿ' ಎಂದರೆ ಏನು ಹೇಳುವುದು?

ಕೊಡುವ ಮುಂಚೆ ಆ ಹೆಂಗಸು ಮನೆ ನೋಡಲೂ ಬಂದರು. ಯಜಮಾನರ ಅತ್ತೆಯವರು ಕಾಫಿ ಕೊಡುತ್ತ, "ಮೊಮ್ಮಗನ ಜೊತೆ ಬಿಡಬಹುದೇನಮ್ಮ?" ಎಂದು ಕೇಳಿದರು. ಇಷ್ಟು ದಿನದ ಹುಡುಕಾಟದಲ್ಲಿ ಯಜಮಾನರಿಗೆ ಹೊಳೆಯದಿದ್ದ ಪ್ರಶ್ನೆ ಅದು. "ಇದು ಅಂತಲ್ಲ, ಯಾವ ನಾಯೀನೂ ಮಗು ಜೊತೆ ಒಂಟಿಯಾಗಿ ಬಿಡಬೇಡಿ, ದೊಡ್ಡವರು ಪಕ್ಕದಲ್ಲಿರಿ" ಎಂದರು. ಬಾಲ್ಕನಿ ಕಂಬಿಗೆ ಬಲೆ ಹಾಕಿಸಲು ಹೇಳಿದರು. ಮೊಳೆಯ ಕಾಲರ್ ತೆಗೆದಿಟ್ಟು ಬಟ್ಟೆಯ ಎದೆಪಟ್ಟಿ ತರಲು ಹೇಳಿದರು. ಯಜಮಾನರು ಎಲ್ಲಕ್ಕೂ ತಲೆಯಾಡಿಸಿದರು.

ಒಂದಕ್ಕೆ ಮಾತ್ರ ಒಪ್ಪಲಿಲ್ಲ. ನಾಯಿಧಾಮದ ಹುಡುಗ ಇಟ್ಟ ಹೆಸರನ್ನು ಕಿತ್ತುಹಾಕಿ 'ಟೈಗ್ರೆಸ್' ಎಂದು ಮರುನಾಮಕರಣ ಮಾಡಿದರು. ಪಶುವೈದ್ಯರ ಪುಸ್ತಕದಲ್ಲೂ ಹಾಗೇ ಬರೆಸಿದರು. ಆಕೆಗೆ ಅದು ತಿಳಿದಿಲ್ಲ, ತಿಳಿಯುವ ಉತ್ಸಾಹವೂ ಇಲ್ಲ. ಆದ್ದರಿಂದ ಪ್ರತಿ ಸಂಜೆ ನಮ್ಮ ಪಾರ್ಕಿನಲ್ಲಿ, ರಾಟ್‌ವೀಲರ್ ಹಿಡಿದ ಇಬ್ಬರು ದಪ್ಪ ಮೀಸೆಯವರ ಎದುರು, ಕಪ್ಪು ಟೀಶರ್ಟಿನ ಯಜಮಾನರು ಮೊದಲು ಗಡಸು ದನಿಯಲ್ಲಿ "ಟೈಗ್ರೆಸ್! ಕಮ್!" ಎನ್ನುತ್ತಾರೆ, ಆಮೇಲೆ ಇನ್ನೂ ಜೋರಾಗಿ ಅನ್ನುತ್ತಾರೆ, ಆಮೇಲೆ ಸುತ್ತ ನೋಡಿ, ಬಗ್ಗಿ, ಬಾಯಿಗೆ ಕೈ ಅಡ್ಡವಿಟ್ಟು, "ಜಿಲೇಬೀ... ಬಾ ಪುಟ್ಟಾ..."