ಸ್ಫುಲಿಂಗಾಭಾವ ವಿಚಾರ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಪೆಟ್ರೋಲ್ ಜೀಪುಗಳನ್ನು ಅನುಲಕ್ಷಿಸಿ

ಪ್ರಸ್ತುತ ಪ್ರಬಂಧದ ವ್ಯಾಪ್ತಿ ಮೂರು ತಾಲ್ಲೂಕು. ಮಿತಿ, ಹಳೆಯ ಪೆಟ್ರೋಲ್ ಜೀಪು. ಮಹತ್ವ, ಎಲ್ಲ ಪ್ರಬಂಧಗಳಲ್ಲಿ ಇರುವಂತೆ, ಸ್ವಯಂಸಿದ್ಧ. ಮಲೆನಾಡನ್ನು ಕುರಿತ ಬಹುಶಿಸ್ತೀಯ ಸಂಕಥನಗಳು ಇದುವರೆಗೆ ಬಾನೆಟ್ ಎತ್ತದೆಯೇ ನಡೆದಿವೆ ಎಂಬುದನ್ನು ವಿನಯಪೂರ್ವಕ ದಾಖಲಿಸಿ ನಮ್ಮ ಪ್ರಮೇಯವನ್ನು ಮಂಡಿಸುತ್ತೇವೆ: ಜೀಪು ಮಿಸ್ ಹೊಡೆದಾಗ ನಾವು ಬಿಚ್ಚಿ ಬಿಸಾಡುವ ಪ್ಲಗ್ಗು ಬಹುಮಟ್ಟಿಗೆ ಅಪರಾಧಿಯಲ್ಲ, ಸಾಕ್ಷಿ. ಲಾರಿಗಳನ್ನು ಏಕೆ ಕೈಬಿಟ್ಟಿರಿ ಎಂದು ಪರೀಕ್ಷಕರು ಕೇಳಬಹುದು. 1954ರಲ್ಲಿ ಟಾಟಾದವರು ಡೈಮ್ಲರ್-ಬೆಂಜ್ ಜೊತೆ ಸೇರಿ ಡೀಸೆಲ್ ಲಾರಿ ತಂದಮೇಲೆ ನಮ್ಮ ಘಾಟಿ ರಸ್ತೆಗಳ ಭಾರವೆಲ್ಲ ಕ್ರಮೇಣ ಡೀಸೆಲ್ಲಿಗೇ ಹೋಯಿತು. ಅಲ್ಲಿ ಅದುಮಿದ ಗಾಳಿಯ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ; ಪ್ಲಗ್ಗಿಲ್ಲ, ಕಿಡಿಯಿಲ್ಲ, ಆದ್ದರಿಂದ ಪ್ರಬಂಧವೂ ಇಲ್ಲ. ಶಾಸ್ತ್ರದ ಮಾತಿನಲ್ಲಿ ಇದು ಕಿಡಿಯ ಅತ್ಯಂತಾಭಾವ.

ಅಭಾವಗಳು ನಾಲ್ಕು ಎಂದು ತಾರ್ಕಿಕರು ಹೇಳಿರುವುದರಿಂದ, ಶೃಂಗೇರಿಯಂಥ ಶಾಸ್ತ್ರದ ಊರಿನ ಪಕ್ಕದಲ್ಲಿ ನಿಂತು ಉಳಿದ ಮೂರನ್ನು ಬಿಡುವುದು ಅವಿನಯವಾದೀತು. ಕೀ ತಿರುಗಿಸಿಯಾಗಿದೆ, ಕಾಯಿಲಿನ ಕರೆಂಟು ಕಡಿಯುವ ಪಾಯಿಂಟಿನ ಮುಖ ಕಪ್ಪಾಗಿದೆ, ಕಿಡಿ ಇನ್ನೂ ಹುಟ್ಟಿಲ್ಲ: ಇದು ಪ್ರಾಗಭಾವ. ಕಾಯಿಲಿನಲ್ಲಿ ಹುಟ್ಟಿತು, ಬಿರುಕು ಬಿಟ್ಟ ಡಿಸ್ಟ್ರಿಬ್ಯೂಟರ್ ಕ್ಯಾಪಿನ ತೇವದಲ್ಲಿ ಹರಿದು ಸತ್ತಿತು: ಪ್ರಧ್ವಂಸಾಭಾವ. ಒಂದನೆಯ ಸಿಲಿಂಡರಿನ ವೈರು ಮೂರನೆಯದಕ್ಕೆ ಸಿಕ್ಕಿಸಲ್ಪಟ್ಟು, ಜೀಪಿನ ವಿಲ್ಲಿಸ್ ಎಂಜಿನ್ನಿನ 1-3-4-2 ಎಂಬ ಕ್ರಮ ಕೆಟ್ಟು, ಕಾರ್ಬುರೇಟರಿನಿಂದ ಢಂ ಎಂದರೆ, ಈ ಕಿಡಿ ಆ ಕಿಡಿಯಲ್ಲ ಎಂಬ ಅನ್ಯೋನ್ಯಾಭಾವ. ಬೆಟ್ಟದಲ್ಲಿ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ ಎಂಬ ಪ್ರಸಿದ್ಧ ಅನುಮಾನವೂ ಕೆರೆಕಟ್ಟೆ ಎಂಬ ಊರಿನ ಏರಿನಲ್ಲಿ ತಲೆಕೆಳಗಾಗುತ್ತದೆ: ಸೈಲೆನ್ಸರಿನಲ್ಲಿ ಕಪ್ಪು ಹೊಗೆಯಿದೆ, ಆದ್ದರಿಂದ ಒಳಗೆ ಬೆಂಕಿ ನೆಟ್ಟಗಿಲ್ಲ. ಈ ಅಭಾವಗಳ ಅವಾಂತರ ಭೇದಗಳನ್ನು ಹನ್ನೆರಡಕ್ಕೆ ಏರಿಸುವ ಹಂಬಲವಿತ್ತು. ಆದರೆ ಕಂಡೆನ್ಸರ್ ಸೋತ ಜೀಪು ಬೆಳಿಗ್ಗೆ ಒಂದು ಅಭಾವ, ಮಧ್ಯಾಹ್ನ ಇನ್ನೊಂದು ತೋರಿಸಿ ವರ್ಗೀಕರಣವನ್ನೇ ಕಸ ಮಾಡುತ್ತದೆ. ಬಿಡೋಣ.

ಲೆಕ್ಕ ನೋಡಿ. ನಾಲ್ಕು ಸಿಲಿಂಡರಿನ, ನಾಲ್ಕು ಸ್ಟ್ರೋಕಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ ಬೇಕು. ಪಾಯಿಂಟು ಅಷ್ಟು ಸಲ ತೆರೆದು ಮುಚ್ಚಬೇಕು. ತೆರೆದಾಗಲೆಲ್ಲ ಕಾಯಿಲಿನ ಕರೆಂಟು ಥಟ್ಟನೆ ಕಡಿಯಬೇಕು. ಕಡಿದರೆ ಮಾತ್ರ ಬ್ಯಾಟರಿಯ 12 ವೋಲ್ಟು ಸಾವಿರಾರು ವೋಲ್ಟಾಗಿ ಏರುತ್ತದೆ. ಹಾಗೆ ಕಡಿಯುವಂತೆ ನೋಡಿಕೊಳ್ಳುವುದು ಕಂಡೆನ್ಸರ್ ಎಂಬ ಪುಟ್ಟ ಡಬ್ಬಿ. ಅದು ಸೋತರೆ ಕಿಡಿ ಪಾಯಿಂಟಿನ ನಡುವೆಯೇ ಹಾರಿ ಮುಖ ಸುಡುತ್ತದೆ, ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬ್ಬಿ. ಪ್ಲಗ್ಗಿಗೆ ಮುಟ್ಟುವುದು ಮಂಕು ಹಳದಿ ಕಿಡಿ. ಪೆಟ್ರೋಲು ಪೂರ್ತಿ ಉರಿಯದೆ ಪ್ಲಗ್ಗಿಗೆ ಮಸಿ ಹತ್ತುತ್ತದೆ. ಬಿಚ್ಚಿದವನಿಗೆ ಮಸಿ ಕಾಣುತ್ತದೆ, ಕಂಡೆನ್ಸರಿನ ಸೋಲು ಕಾಣುವುದಿಲ್ಲ. ಹೊಸ ಪ್ಲಗ್ಗಿನ ಚೂಪು ಅಂಚು ಬಡಕಲು ಕಿಡಿಗೂ ದಾರಿ ಕೊಡುವುದರಿಂದ ಗಾಡಿ ಕೆಲವು ದಿನ ಓಡುತ್ತದೆ, ಮೆಕ್ಯಾನಿಕ್ಕಿನ ಮಾತು ಗೆಲ್ಲುತ್ತದೆ, ಆಮೇಲೆ ಅದೂ ಕಪ್ಪಾಗುತ್ತದೆ.

ಪ್ಲಗ್ಗು ಸವೆಯುವುದೇ ಇಲ್ಲವೆ ಎಂಬುದು ನ್ಯಾಯವಾದ ಆಕ್ಷೇಪ. ಸವೆಯುತ್ತದೆ. ವಿಲ್ಲಿಸ್ ಕೈಪಿಡಿ ಹೇಳುವ 0.030 ಇಂಚಿನ ಗ್ಯಾಪು ಸವೆದು ಅಗಲವಾದಷ್ಟೂ ಹೆಚ್ಚು ವೋಲ್ಟು ಬೇಕು. ಆ ಒತ್ತಡಕ್ಕೆ ಕರೆಂಟು ಕ್ಯಾಪಿನ ಬಿರುಕು, ಹಳೆ ವೈರು, ರೋಟರು ಎಂದು ಸುಲಭದ ದಾರಿ ಹುಡುಕುತ್ತದೆ. ಮಳೆ ತರಿಸಲಿಕ್ಕೂ ನಿಲ್ಲಿಸಲಿಕ್ಕೂ ಋಷ್ಯಶೃಂಗನನ್ನೇ ಬೇಡಿಕೊಳ್ಳುವ ಕಿಗ್ಗದ ಸೀಮೆಯಲ್ಲಿ ಅಂಥ ದಾರಿಗಳಿಗೆ ಆಷಾಢದಲ್ಲಿ ಬರವಿಲ್ಲ. ಹಾಗಾಗಿ ಬದಲಾಯಿಸುವುದಾದರೆ ಪಾಯಿಂಟು, ಕಂಡೆನ್ಸರ್ ಜೋಡಿಯಾಗಿ, ಪಾಯಿಂಟಿಗೆ 0.020 ಇಂಚು ಬಿಟ್ಟು, ಕ್ಯಾಪು ಒರೆಸಿ, ಬಿರುಕಿದ್ದರೆ ತೆಗೆದು, ಕಡೆಗೆ ಪ್ಲಗ್ಗು. ಪ್ಲಗ್ಗು ಅಗ್ಗ, ಮೊದಲು ಅದನ್ನೇ ಹಾಕಿ ನೋಡಿದರೇನು ನಷ್ಟ ಎಂಬವರಿಗೆ ಉತ್ತರ: ತಿಳಿಗಂದು ಬಣ್ಣವಾದರೆ ಎಂಜಿನ್ನು ಸರಿಯಿದೆ, ಎಣ್ಣೆ ಹಸಿಯಾದರೆ ರಿಂಗು ಸವೆದಿದೆ, ಬಿಳಿಚಿ ಗುಳ್ಳೆ ಎದ್ದಿದ್ದರೆ ಕಾವು ಮಿತಿಮೀರಿದೆ ಎಂದು ಹೇಳಬಲ್ಲ ಸಾಕ್ಷಿಯನ್ನು ನೀವು ಓದದೆಯೇ ಮೋರಿಗೆ ಎಸೆದಿರಿ.

ಇಷ್ಟರಲ್ಲಿ ಹಳೆ ಗಾಡಿಯನ್ನೇ ಗುಜರಿಗೆ ಹಾಕಿ ಎನ್ನುವ ಪೂರ್ವಪಕ್ಷ ಬರುತ್ತದೆ, ಸರ್ಕಾರಿ ಭಾಷೆಯಲ್ಲಿ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 5000 ಮಾಡಿದರು. ಹಳೆ ಪೆಟ್ರೋಲ್ ಎಂಜಿನ್ನು ಹೊಸದಕ್ಕಿಂತ ಹೆಚ್ಚು ಹೊಗೆ ಉಗುಳುತ್ತದೆ, ಒಪ್ಪುತ್ತೇನೆ. ಆದರೆ ಮಿಸ್ ಹೊಡೆಯುವ ಎಂಜಿನ್ನು ಹಸಿ ಪೆಟ್ರೋಲನ್ನೇ ಉಗುಳುತ್ತದೆ, ಅದನ್ನು ನಿಲ್ಲಿಸುವುದು ಶುಲ್ಕವಲ್ಲ, ನೆಟ್ಟಗಿರುವ ಪಾಯಿಂಟು. ಆ ಪಾಯಿಂಟು ಎಲ್ಲಿದೆ? ಅಂಗಡಿಯಲ್ಲಿ ಪ್ಲಗ್ಗು ಸಿಗುತ್ತದೆ. ಹಳೆ ಜೀಪಿನ ಕಂಡೆನ್ಸರ್ ಕೇಳಿದರೆ ನಕಲಿ ಡಬ್ಬಿಯ ಮಾಲು, ಹಾಕಿದ ವಾರಕ್ಕೇ ಸಾಯುತ್ತದೆ. ನಕಲಿ ಮಾರಿದವನಿಗೆ ನವೀಕರಣವೂ ಇಲ್ಲ, ಶುಲ್ಕವೂ ಇಲ್ಲ. ಗಾಡಿಗೆ ಮಾತ್ರ ವಯಸ್ಸಿನ ದಂಡ. ಗದ್ದೆ ಬಯಲು, ತೋಟದ ಏರು, ಸಂಕವಿಲ್ಲದ ಹಳ್ಳ ದಾಟಿ ಬಾಣಂತಿಯನ್ನೂ ಅಡಿಕೆ ಮೂಟೆಯನ್ನೂ ಕೊಪ್ಪದ ಪೇಟೆ ಮುಟ್ಟಿಸುವುದಕ್ಕೆ ಬೇರೇನಿದೆ ಎಂದು ಯಾವ ಸೆಮಿನಾರಿನಲ್ಲಿ ಯಾರು ಕೇಳಿದರು?

ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ ಎಂಬ ಕಡೆಯ ವಾದದಲ್ಲಿ ಹುರುಳಿದೆ. ಅದರಲ್ಲಿ ಸವೆಯುವ ಪಾಯಿಂಟಿಲ್ಲ, ಗ್ಯಾಪು ಹೊಂದಿಸುವ ರಗಳೆಯಿಲ್ಲ. ಆದರೆ ಸುಟ್ಟರೆ ಒಮ್ಮೆಗೇ ಸುಡುತ್ತದೆ. ಪಾಯಿಂಟು ಹಾಗಲ್ಲ, ಮುನಿಸಿಕೊಂಡು, ಕೆಮ್ಮಿ, ಮುನ್ಸೂಚನೆ ಕೊಟ್ಟೇ ಹೋಗುತ್ತದೆ, ಎಸ್.ಕೆ. ಬಾರ್ಡರ್ ಎಂಬಲ್ಲಿನ ಕಾಡಿನಲ್ಲಿ ನಿಂತರೂ ಉಜ್ಜುಕಾಗದದ ತುಂಡಿನಿಂದ ಉಜ್ಜಿದರೆ ಮನೆ ಸೇರಿಸುತ್ತದೆ. ಉಜ್ಜಲು ತಿಳಿದವರು ಇರುವವರೆಗೆ. ಪಾಯಿಂಟಿನ ಹದ ಗೊತ್ತಿದ್ದ ಹಳೆ ಮೆಕ್ಯಾನಿಕ್‌ಗಳು ಗ್ಯಾರೇಜು ಮುಚ್ಚುತ್ತಿದ್ದಾರೆ, ಕಲಿಯಬೇಕಾದ ಹುಡುಗರು ಬೆಂಗಳೂರಿನ ಬಸ್ಸು ಹತ್ತಿದ್ದಾರೆ, ಅವರನ್ನು ದೂರುವ ಹಕ್ಕು ನನಗಿಲ್ಲ. ಇರುವವರಲ್ಲಿ ಒಬ್ಬರು ಹೇಳಿ ಬರೆಸಿದರೆ ಅದು ಈ ಪ್ರಬಂಧಕ್ಕಿಂತ ಉಪಯೋಗಕ್ಕೆ ಬರುತ್ತದೆ, ಪಿಎಚ್.ಡಿ. ಮಾತ್ರ ಸಿಗುವುದಿಲ್ಲ.